ಕಡಲಂಚಿನ ಸೈಕಲ್ ಹಾದಿ: ಕಳೆದುಕೊಂಡದ್ದನ್ನು ಮರಳಿ ಪಡೆದ ಕಥೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಷಯವನ್ನೇ ನಿರೀಕ್ಷಿಸುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಮುರಿದು, ಇತಿಹಾಸದ ಒಂದು ಸಣ್ಣ ಅಧ್ಯಾಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಮೋಟಾರು ವಾಹನಗಳ ಕಾಟವಿಲ್ಲದೆ, ಒಂದು ಮಗ್ಗುಲಲ್ಲಿ ಸಮುದ್ರವನ್ನು ಕಾಣುತ್ತ ಮೈಲುಗಟ್ಟಲೆ ಸೈಕಲ್ ತುಳಿಯಬಹುದಾದ ಹಾದಿಗಳು ಹೇಗೆ ಹುಟ್ಟಿದವು, ಯಾರಿಗಾಗಿ ಹುಟ್ಟಿದವು ಎಂಬುದೇ ಆ ಅಧ್ಯಾಯ. ಮುಹೈಸ್ನಾದಲ್ಲಿ ನಿಂತು ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ; ಅದನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

ಜರ್ಮನಿಯ ಮಾನ್‌ಹೈಮ್ ನಗರದಲ್ಲಿ 1817ರಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರಗಳ ಯಂತ್ರವೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದ್ದುಕೊಂಡೇ ಸಾಗಬೇಕಿತ್ತು. ಇಂದಿನ ಸೈಕಲ್ಲಿಗೆ ಹತ್ತಿರದ ರೂಪ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ಲನ್ನು ನಿರ್ಮಿಸಿದಾಗ. ಮೂರು ವರ್ಷಗಳ ಬಳಿಕ, 1888ರಲ್ಲಿ, ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಾಡುವುದನ್ನು ತಪ್ಪಿಸಲು ಆತ ಮಾಡಿದ ಪ್ರಯೋಗವದು. ಡನ್‌ಲಪ್ ವೃತ್ತಿಯಲ್ಲಿ ಪಶುವೈದ್ಯ ಎಂಬುದನ್ನು, ಚಿಕಿತ್ಸೆಯ ವೃತ್ತಿಗೇ ಸೇರಿದ ನಾವು ತುಸು ಹೆಮ್ಮೆಯಿಂದಲೇ ಸ್ಮರಿಸುತ್ತೇವೆ.

ಸೈಕಲ್ ಏರಿ ದೇಶ ನೋಡುವ ಹವ್ಯಾಸ ಈ ಸುಧಾರಣೆಗಳಿಗಿಂತಲೂ ಹಳೆಯದು. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘ 1878ರಲ್ಲಿಯೇ ಸ್ಥಾಪಿತವಾಯಿತು. ಅಮೆರಿಕದ ಸವಾರರು 1880ರಲ್ಲಿ ಒಂದುಗೂಡಿದರು. ಈ ಸಂಘಗಳು ಒಳ್ಳೆಯ ರಸ್ತೆಗಳಿಗಾಗಿ ಸರಕಾರಗಳ ಮುಂದೆ ಮನವಿ ಸಲ್ಲಿಸಿದವು, ಚಳವಳಿ ನಡೆಸಿದವು. ಅಂದರೆ ನುಣುಪಾದ ರಸ್ತೆ ಬೇಕೆಂದು ಮೊದಲು ಗಟ್ಟಿಯಾಗಿ ಕೇಳಿದವರು ಕಾರಿನ ಒಡೆಯರಲ್ಲ, ಸೈಕಲ್ ಸವಾರರು! ರಸ್ತೆಗಳೇನೋ ಬಂದವು, ಅವುಗಳ ಬೆನ್ನಿಗೇ ಕಾರುಗಳೂ ಬಂದವು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿದಂತಾಯಿತು. ಕೇಳಿ ಪಡೆದ ರಸ್ತೆಯಲ್ಲಿ ಸೈಕಲ್ ಸವಾರ ಅಂಚಿಗೆ ಸರಿದ, ಕಡೆಗೆ ಅಂಚಿನಿಂದಲೂ ಕೆಳಗಿಳಿದ.

ಈಗ ನಾವಿರುವ ನೆಲಕ್ಕೆ ಬರೋಣ. ಈ ಕರಾವಳಿಯಲ್ಲಿ ಟಾರು ರಸ್ತೆಗಳು ಬರುವ ಮುನ್ನ ಕಡಲ ದಡವೇ ದಾರಿಯಾಗಿತ್ತು. ದುಬೈಯಿಂದ ಅಬುಧಾಬಿಗೆ ಹೋಗುವವರು ಮರಳಿನ ಮೇಲೆ, ‘ಸಬ್ಖಾ’ ಎಂಬ ಉಪ್ಪಿನ ಬಯಲುಗಳ ಮೇಲೆ, ಸಮುದ್ರದ ಇಳಿತದ ವೇಳೆಯನ್ನು ನೋಡಿಕೊಂಡು ಸಾಗುತ್ತಿದ್ದರು. ದುಬೈಯ ಖೋರ್ ದಾಟಲು ಅಬ್ರಾ ದೋಣಿಯೇ ಗತಿ. ಇಲ್ಲವಾದರೆ ಖೋರ್‌ನ ತುದಿಯವರೆಗೂ ಸುತ್ತಿ ಬರಬೇಕಿತ್ತು. ನೇತ್ರಾವತಿಯಿಂದ ಕಾಳಿಯವರೆಗೆ ಒಂದೊಂದು ಅಳಿವೆಯಲ್ಲೂ ದೋಣಿಗಾಗಿ ಕಡವಿನಲ್ಲಿ ಕಾಯುತ್ತಿದ್ದ ನಮ್ಮ ಹಿರಿಯರ ಬದುಕಿಗೂ ಇದಕ್ಕೂ ಎಷ್ಟೊಂದು ಹೋಲಿಕೆ!

1963ರಲ್ಲಿ ಮಕ್ತೂಮ್ ಸೇತುವೆ ಸಂಚಾರಕ್ಕೆ ತೆರೆಯಿತು. 1966ರಲ್ಲಿ ದುಬೈಯ ಕಡಲಿನಲ್ಲಿ ತೈಲ ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಇಲ್ಲಿನ ವಾಹನಗಳು ಎಡದಿಂದ ಬಲಬದಿಯ ಸಂಚಾರಕ್ಕೆ ಬದಲಾದವು. 1970ರ ದಶಕದಲ್ಲಿ ಹೆದ್ದಾರಿಗಳು ಹರಡಿಕೊಂಡವು. 1975ರಲ್ಲಿ ಶಿಂದಗಾ ಸುರಂಗವೂ ಸಿದ್ಧವಾಯಿತು. ನಗರ ಕಾರಿನ ಅಳತೆಗೆ ತಕ್ಕಂತೆ ಬೆಳೆಯಿತು. ಸೈಕಲ್ಲು ಮಾತ್ರ ಅಳಿಯಲಿಲ್ಲ. ಅದು ಗ್ರೋಸರಿಯ ಹುಡುಗನ ಬಳಿ ಉಳಿಯಿತು, ಕ್ಯಾಂಪಿನಿಂದ ಕೆಲಸಕ್ಕೆ ಹೋಗುವ ಕಾರ್ಮಿಕನ ಬಳಿ ಉಳಿಯಿತು. ಈ ನಾಡಿನಲ್ಲಿ ದಶಕಗಳ ಕಾಲ ಸೈಕಲ್ ವಿಹಾರದ ವಾಹನವಾಗಿರಲಿಲ್ಲ, ಅನ್ನದ ವಾಹನವಾಗಿತ್ತು.

ವಿಹಾರದ ಸೈಕಲ್ ಮರಳಿದ್ದು ಇತ್ತೀಚೆಗೆ. 2010ರ ದಶಕದಲ್ಲಿ ನಾದ್ ಅಲ್ ಶೀಬಾ ಮತ್ತು ಅಲ್ ಕುದ್ರಾಗಳಲ್ಲಿ ವಾಹನಮುಕ್ತ ಸೈಕಲ್ ಪಥಗಳು ರೂಪುಗೊಂಡವು. ಇವು ಮರಳುಗಾಡಿನ ಕಡೆಯವು. ಕಡಲ ಕಡೆ, 2014ರಲ್ಲಿ ಜುಮೈರಾದಲ್ಲಿ ಸುಮಾರು 14 ಕಿಲೋಮೀಟರ್ ಉದ್ದದ ನಡಿಗೆ ಮತ್ತು ಓಟದ ಪಥ ತೆರೆಯಿತು. ಮುಂದೆ ಆ ತೀರಕ್ಕೆ ಸೈಕಲ್ ಪಥವೂ ಬಂದಿತು. ಅಬುಧಾಬಿಯ ಕಾರ್ನಿಷ್ ತೀರದಲ್ಲಿ ಮತ್ತು ಹುದೈರಿಯಾತ್ ದ್ವೀಪದಲ್ಲಿ ನೀಲಿ ನೀರಿನ ಪಕ್ಕದಲ್ಲೇ ಸವಾರಿ ಮಾಡಬಹುದು. 2021ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಅಬುಧಾಬಿಗೆ ‘ಬೈಕ್ ಸಿಟಿ’ ಮನ್ನಣೆಯನ್ನಿತ್ತಿತು. ಏಷ್ಯಾದಲ್ಲಿ ಅದನ್ನು ಪಡೆದ ಮೊದಲ ನಗರವದು. 2020ರ ನವೆಂಬರಿನಲ್ಲಿ ಮೊದಲ ಬಾರಿಗೆ ‘ದುಬೈ ರೈಡ್’ ನಡೆದಾಗ ಶೇಖ್ ಝಾಯದ್ ರಸ್ತೆಯೇ ಒಂದು ಮುಂಜಾನೆಯ ಮಟ್ಟಿಗೆ ಸೈಕಲ್ಲುಗಳ ಪಾಲಾಯಿತು. ಆ ಮಹಾಮಾರ್ಗದಲ್ಲಿ ಪುಟ್ಟ ಮಕ್ಕಳೂ ಪೆಡಲ್ ತುಳಿದರೆಂದರೆ, ಕಳೆದುಹೋದ ಆಸ್ತಿ ಕೆಲವು ಗಂಟೆಗಳ ಮಟ್ಟಿಗೆ ವಾರಸುದಾರರ ಕೈಗೆ ಮರಳಿದಂತೆಯೇ ಸರಿ.

ಬೇರೆ ದೇಶಗಳಲ್ಲಿ ಇಂಥ ಹಾದಿಗಳು ಹುಟ್ಟಿದ ಬಗೆಯೂ ಗಮನಾರ್ಹ. ಇಟಲಿಯ ಲಿಗೂರಿಯಾ ತೀರದಲ್ಲಿ 19ನೆಯ ಶತಮಾನದ ರೈಲುಮಾರ್ಗವೊಂದು ಅಲೆಗಳ ಪಕ್ಕದಲ್ಲೇ ಸಾಗುತ್ತಿತ್ತು. 2001ರಲ್ಲಿ ಹೊಸ ಜೋಡಿಹಳಿಯನ್ನು ಒಳನಾಡಿಗೆ ಸರಿಸಿದರು. ಖಾಲಿಯಾದ ಹಳೆಯ ಹಾದಿಯನ್ನು ಸಾನ್‌ರೆಮೋ ಊರಿನ ಆಚೀಚೆ ಸುಮಾರು 24 ಕಿಲೋಮೀಟರ್ ಉದ್ದಕ್ಕೂ ಸೈಕಲ್ ಸವಾರರಿಗೆ ಬಿಟ್ಟುಕೊಟ್ಟರು. ರೈಲು ನುಗ್ಗುತ್ತಿದ್ದ ಸುರಂಗಗಳಲ್ಲಿ ಈಗ ಸೈಕಲ್ ಗಂಟೆಯ ನಾದ ಕೇಳುತ್ತದೆ. ಜಪಾನಿನಲ್ಲಿ ಒನೊಮಿಚಿಯಿಂದ ಇಮಾಬಾರಿಯವರೆಗೆ ದ್ವೀಪದಿಂದ ದ್ವೀಪಕ್ಕೆ ಹಾರಿಹೋಗುವ, ಸುಮಾರು 70 ಕಿಲೋಮೀಟರಿನ ಶಿಮಾನಾಮಿ ಕೈದೋ ಮಾರ್ಗವಿದೆ. 1999ರಲ್ಲಿ ಅದರ ಸೇತುವೆಗಳ ಸರಣಿ ಪೂರ್ಣಗೊಂಡಿತು. ವಾಹನಗಳ ಸಾಲಿನಿಂದ ಬೇರ್ಪಟ್ಟ ಸೈಕಲ್ ಪಥವನ್ನು ಸೇತುವೆಗಳಲ್ಲೇ ಕಲ್ಪಿಸಿದ್ದಾರೆ. ಒಂದು ಕಡೆ ಹಳೆಯದನ್ನು ಉಳಿಸಿಕೊಂಡರು. ಇನ್ನೊಂದು ಕಡೆ ಹೊಸದನ್ನು ಕಟ್ಟುವಾಗಲೇ ಸೈಕಲ್ಲನ್ನು ನೆನೆದರು. ಎರಡೂ ಜಾಣತನವೇ.

ನಮ್ಮ ಕರಾವಳಿಯನ್ನು ನೆನೆದಾಗ ಹೆಮ್ಮೆಯೊಡನೆ ವಿಷಾದವೂ ಮೂಡುತ್ತದೆ. ಮರವಂತೆಯಲ್ಲಿ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ನಡುವೆ ಸಾಗುವ ಹಾದಿಯ ಚೆಲುವಿಗೆ ಸಾಟಿಯಾದುದು ವಿರಳ. ಆದರೆ ಅದು ರಾಷ್ಟ್ರೀಯ ಹೆದ್ದಾರಿ 66. ಲಾರಿ, ಬಸ್ಸುಗಳ ಭರಾಟೆಯಲ್ಲಿ ಅಲ್ಲಿ ಸೈಕಲ್ ಸವಾರನಿಗೆ ಕಡಲನ್ನು ನೋಡುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಆದರೂ ಆಸೆಗೆ ಎಡೆಯಿದೆ. ಮಲ್ಪೆಯ ದಕ್ಷಿಣಕ್ಕೆ ಪಡುಕೆರೆಯಿಂದ ಮಟ್ಟುವಿನ ಕಡೆಗೆ, ಕಡಲಿಗೂ ಉದ್ಯಾವರ ಹೊಳೆಗೂ ನಡುವೆ, ಹೆದ್ದಾರಿಯಿಂದ ದೂರವಾದ ಕಿರುರಸ್ತೆ ಸಾಗುತ್ತದೆ. ಮಟ್ಟುಗುಳ್ಳದ ಹುಳಿಯ ರುಚಿ ಬಲ್ಲವರಿಗೆ ಆ ಊರನ್ನು ಪರಿಚಯಿಸಬೇಕಿಲ್ಲ. ಉತ್ತರಕ್ಕೆ ಹೂಡೆಯಿಂದ ಕೋಡಿಬೆಂಗ್ರೆಯ ಅಳಿವೆಯವರೆಗಿನ ನೆಲದ ಪಟ್ಟಿಯೂ ಅಂಥದೇ. ಅಲ್ಲಿ ಹೊಸದಾಗಿ ಕಟ್ಟಬೇಕಾದುದು ಅಲ್ಪ, ಅಗಲಗೊಳಿಸದೆ ಉಳಿಸಬೇಕಾದುದೇ ಹೆಚ್ಚು.

ಇನ್ನು ಮುಹೈಸ್ನಾದ ಮಾತು. ಇದರ ಎರಡನೆಯ ವಿಭಾಗದ ಕಾರ್ಮಿಕ ವಸತಿಗಳನ್ನು ಭಾರತೀಯರು ‘ಸೋನಾಪುರ’ವೆಂದು ಕರೆಯುತ್ತಾರೆ. ಈ ನಗರದ ಗೋಪುರಗಳನ್ನೂ ಸೇತುವೆಗಳನ್ನೂ ಪಥಗಳನ್ನೂ ಕಟ್ಟಿದ ಕೈಗಳಲ್ಲಿ ಅನೇಕವು ಇಲ್ಲಿಯೇ ರಾತ್ರಿ ವಿಶ್ರಮಿಸುತ್ತವೆ. ನಮ್ಮ ತುರ್ತು ಚಿಕಿತ್ಸೆಯ ದಿನಗಳಲ್ಲಿ ಒಂದು ಸಂಜೆ, ದೀಪವಿಲ್ಲದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ವಾಹನ ತಾಗಿ ಬಿದ್ದ ಉತ್ತರ ಕರ್ನಾಟಕದ ತರುಣನೊಬ್ಬನನ್ನು ಕರೆತಂದರು. ಮೂಳೆ ಮುರಿದಿತ್ತು. ಪ್ರಜ್ಞೆ ತಿಳಿಯಾಗುತ್ತಲೇ ಅವನಾಡಿದ ಮೊದಲ ಮಾತು, “ಡಾಕ್ಟ್ರ, ನನ್ನ ಸೈಕಲ್ ಎಲ್ಲೈತ್ರಿ?” ಕಾಲಿಗಿಂತ ಸೈಕಲ್ಲಿನ ಚಿಂತೆ ಅವನಿಗೆ ಹೆಚ್ಚಾಗಿತ್ತು. ಆ ಪ್ರಶ್ನೆಯನ್ನು ನಾವಿನ್ನೂ ಮರೆತಿಲ್ಲ.

2022ರ ದುಬೈ ನಿಯಮಾವಳಿಯು ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚಿನ ವೇಗಮಿತಿಯ ರಸ್ತೆಗಳಲ್ಲಿ ಸೈಕಲ್ ಸವಾರಿಯನ್ನು ನಿಷೇಧಿಸಿದೆ. ಹೆಲ್ಮೆಟ್ಟನ್ನೂ ಹೊಳೆಯುವ ಅಂಗಿಯನ್ನೂ ಕಡ್ಡಾಯಗೊಳಿಸಿದೆ. ಪ್ರಾಣರಕ್ಷಣೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಹೆದ್ದಾರಿ ಮುಚ್ಚಿದ ಮೇಲೆ ಬೇರೊಂದು ಹಾದಿ ತೆರೆಯಲೇಬೇಕು. ಪಥಗಳ ಜಾಲವನ್ನು 2030ರ ವೇಳೆಗೆ 1,000 ಕಿಲೋಮೀಟರಿಗೆ ವಿಸ್ತರಿಸುವ ಗುರಿಯನ್ನು ಇಲ್ಲಿನ ಸಾರಿಗೆ ಪ್ರಾಧಿಕಾರ ಹೊಂದಿದೆ. ಈ ಉದ್ದವನ್ನು ನಾವು ಕಿಲೋಮೀಟರುಗಳಲ್ಲಿ ಅಳೆಯಲಾರೆವು. ಮುಹೈಸ್ನಾದ ಕಾರ್ಮಿಕನೊಬ್ಬ ರಜೆಯ ಮುಂಜಾನೆ ತನ್ನ ಕೋಣೆಯ ಬಾಗಿಲಿನಿಂದ ಹೊರಟು, ಒಂದು ಹೆದ್ದಾರಿಯನ್ನೂ ಅಂಜುತ್ತ ದಾಟದೆ ಮಮ್ಜಾರಿನ ಕಡಲನ್ನು ಸೇರಬಲ್ಲನೇ ಎಂಬುದೇ ನಮ್ಮ ಅಳತೆಗೋಲು. ಅನ್ನಕ್ಕಾಗಿ ಸೈಕಲ್ಲನ್ನು ಉಳಿಸಿಕೊಂಡವನಿಗೆ ದೊರೆಯದ ಹಾದಿ, ಎಷ್ಟೇ ಚೆಲುವಾಗಿದ್ದರೂ, ಅರ್ಧ ಹಾದಿ.

ನಮ್ಮಲ್ಲಿ ಅನೇಕರು ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು ಮೊಣಕಾಲು ತರಚಿಕೊಂಡು ಕಲಿತವರು. ಇಲ್ಲಿನ ನಮ್ಮ ಮಕ್ಕಳು ಕಾರಿನ ಹಿಂದಿನ ಆಸನದಿಂದಲೇ ಕಡಲನ್ನು ಕಂಡವರು. ಚಳಿಗಾಲದ ಒಂದು ಬೆಳಗ್ಗೆ ಅವರನ್ನು ಇಂಥ ಪಥಕ್ಕೆ ಕರೆದೊಯ್ಯಿರಿ. ಮನೆಗೆ ಹಿಂದಿರುಗುವಾಗ ಸೋನಾಪುರದ ಪರಿಚಿತ ಕನ್ನಡಿಗನೊಬ್ಬನಿಗಾಗಿ ಒಂದು ದೀಪವನ್ನೂ ಒಂದು ಹೆಲ್ಮೆಟ್ಟನ್ನೂ ಕೊಂಡೊಯ್ಯಿರಿ. ವೈದ್ಯರಾಗಿ ನಾವು ಇಂದು ಬರೆದುಕೊಡುವ ಚೀಟಿ ಇಷ್ಟೇ.