ಸ್ವೇದಜಶಬ್ದವೂ ಸಮುದ್ರತಲದ ಉಷ್ಣೋದಕಗಳೂ

ಪ್ರಾಣಿಗಳನ್ನು ಅವುಗಳ ಜನ್ಮಪ್ರಕಾರದಿಂದ ವಿಭಾಗಿಸುವ ಪದ್ಧತಿಯು ಭಾರತೀಯ ಶಾಸ್ತ್ರಗಳಲ್ಲಿ ಬಹು ಪ್ರಾಚೀನವಾದುದು. ಛಾಂದೋಗ್ಯೋಪನಿಷತ್ತು ಅಂಡಜ, ಜೀವಜ, ಉದ್ಭಿಜ್ಜವೆಂದು ಮೂರನ್ನೇ ಎಣಿಸುತ್ತದೆ. ಐತರೇಯವು ಸ್ವೇದಜವನ್ನೂ ಸೇರಿಸಿ ನಾಲ್ಕೆನ್ನುತ್ತದೆ. ಈ ಭೇದದ ಪರಿಹಾರಾರ್ಥವಾಗಿ ಬ್ರಹ್ಮಸೂತ್ರವು (3.1.21) ಸ್ವೇದಜವನ್ನು ಮೂರನೆಯ ವರ್ಗದಲ್ಲಿಯೇ ಅಂತರ್ಭಾವಗೊಳಿಸಿದೆ. ಮನುಸ್ಮೃತಿಯ ಪ್ರಥಮಾಧ್ಯಾಯದಲ್ಲಿ ಸೊಳ್ಳೆ, ಹೇನು, ನೊಣ, ತಿಗಣೆಗಳು ಸ್ವೇದಜಗಳೆಂದೂ ಊಷ್ಮದಿಂದ ಹುಟ್ಟುವುವೆಂದೂ ಹೇಳಲ್ಪಟ್ಟಿವೆ. ಕೆಲವು ಕೀಟಗಳು ಕೊಳೆಯುವ ದ್ರವ್ಯದಿಂದ ತಾವಾಗಿಯೇ ಹುಟ್ಟುವುವೆಂಬ ಅರಿಸ್ಟಾಟಲನ ಮತವೂ ಇದಕ್ಕೆ ಸಮೀಪವಾದುದೇ.

ಈ ಮತಕ್ಕೆ 1668ರಲ್ಲಿ ಇಟಲಿಯ ರೇಡಿಯೂ, 1860ರ ಸುಮಾರಿನಲ್ಲಿ ಫ್ರಾನ್ಸಿನ ಪಾಶ್ಚರನೂ ಪ್ರಯೋಗಗಳಿಂದ ಬಾಧೆಯನ್ನು ತಂದರು. ಜೀವದಿಂದಲೇ ಜೀವವೆಂಬುದು ಸಿದ್ಧವಾಯಿತು. ಆದರೆ ಹಾಗಾದಲ್ಲಿ ಮೊದಲನೆಯ ಜೀವವು ಎಲ್ಲಿಂದ? ಅನವಸ್ಥಾದೋಷವು ಇಲ್ಲಿ ಸ್ಪಷ್ಟವಾಗಿದೆ. ಆದಿಕಾಲದ ಭೂಮಿಯಲ್ಲಿ ನಿರ್ಜೀವದ್ರವ್ಯಗಳ ರಾಸಾಯನಿಕ ಸಂಯೋಗದಿಂದ ಜೀವವು ಉಂಟಾಯಿತೆಂದು 1924ರಲ್ಲಿ ರಷ್ಯದ ಒಪಾರಿನನೂ, 1929ರಲ್ಲಿ ಹಾಲ್ಡೇನನೂ ಪ್ರತಿಪಾದಿಸಿದರು. ಈ ಹಾಲ್ಡೇನನೇ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ದೇಹತ್ಯಾಗ ಮಾಡಿದನು. 1953ರಲ್ಲಿ ಮಿಲ್ಲರನು ಅನಿಲಗಳ ಮಿಶ್ರಣದಲ್ಲಿ ವಿದ್ಯುತ್ಕಿಡಿಯನ್ನು ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದನು.

1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ, ಸುಮಾರು 2500 ಮೀಟರು ಆಳದ ಸಮುದ್ರತಲದಲ್ಲಿ ಬಿಸಿನೀರಿನ ಬುಗ್ಗೆಗಳು ಕಂಡುಬಂದುವು. ಬಿರುಕುಗಳೊಳಕ್ಕೆ ಇಳಿದ ನೀರು ಕಾದು, ಲೋಹಗಳನ್ನೂ ಗಂಧಕವನ್ನೂ ಕರಗಿಸಿಕೊಂಡು ಮೇಲೇಳುವುದು. ಸೂರ್ಯಕಿರಣವೇ ತಲುಪದ ಆ ಸ್ಥಳದಲ್ಲಿ ಗಂಧಕದ ಸಂಯುಕ್ತಗಳಿಂದ ಶಕ್ತಿಯನ್ನು ಪಡೆಯುವ ಸೂಕ್ಷ್ಮಜೀವಿಗಳೂ, ಅವನ್ನು ಆಶ್ರಯಿಸಿದ ಹುಳುಗಳೂ ಇದ್ದುವು. ಕಬ್ಬಿಣ ಗಂಧಕಗಳ ಖನಿಜದ ಮೈಮೇಲೆ ಪ್ರಥಮ ಜೀವಕ್ರಿಯೆಗಳು ನಡೆದಿರಬಹುದೆಂದು ವೇಖ್ಟರ್ಸ್‌ಹೌಸರನು 1988ರಲ್ಲಿ ಊಹಿಸಿದನು. ಅತ್ಯುಷ್ಣದಲ್ಲಿ ಜೀವದ್ರವ್ಯಗಳು ಬೇಗನೆ ಒಡೆದುಹೋಗುವುವೆಂದು ಅದೇ ವರ್ಷ ಮಿಲ್ಲರನೂ ಬಾಡನೂ ಆಕ್ಷೇಪಿಸಿದರು. 2000ದಲ್ಲಿ ಅಟ್ಲಾಂಟಿಕದಲ್ಲಿ ದೊರೆತ, 40ರಿಂದ 90 ಡಿಗ್ರಿ ಉಷ್ಣತೆಯ ಕ್ಷಾರೋದಕದ ಬುಗ್ಗೆಗಳು ಈ ಆಕ್ಷೇಪದ ತೀಕ್ಷ್ಣತೆಯನ್ನು ತಗ್ಗಿಸಿದುವು; ವಿವಾದವು ಮಾತ್ರ ಮುಗಿದಿಲ್ಲ.

ಕನ್ನಡನಾಡಿನ ಕಲ್ಲುಗಳು ಈ ವಿಷಯದಲ್ಲಿ ಏನು ಸಾಕ್ಷ್ಯವನ್ನು ನುಡಿಯುತ್ತವೆ? ಹುಮನಾಬಾದ್ ಸೀಮೆಯ ಹಳ್ಳಿಖೇಡದ ಸುತ್ತಣ ಕರಿಯ ಕಲ್ಲು ಅಗ್ನಿಜನ್ಯವೇ ಅಹುದು; ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಹರಿದ ಶಿಲಾರಸ. ಜೀವದ ಇತಿಹಾಸಕ್ಕೆ ಅದು ನಿನ್ನೆಯ ಮಾತು. ಚಿತ್ರದುರ್ಗ ಸೀಮೆಯ ಮರಡಿಹಳ್ಳಿಯ ದಿಂಬಿನಾಕಾರದ ಶಿಲೆಗಳಾದರೋ ನೀರಿನಡಿಯಲ್ಲಿ ಹೆಪ್ಪುಗಟ್ಟಿದ ಶಿಲಾರಸವು. ವಯಸ್ಸು ಸುಮಾರು 250 ಕೋಟಿ ವರ್ಷ. ಅದೇ ಸೀಮೆಯ ಇಂಗಳದಾಳಿನಲ್ಲಿ ತಾಮ್ರಗಂಧಕಗಳ ಅದಿರು ಪುರಾತನ ಜ್ವಾಲಾಮುಖಿಶಿಲೆಗಳ ನಡುವೆ ಇದೆ. ಆದರೂ ಆಸ್ಟ್ರೇಲಿಯದ ಶಿಲೆಗಳಲ್ಲಿ ಜೀವದ ಕುರುಹು ಸುಮಾರು 350 ಕೋಟಿ ವರ್ಷಗಳಷ್ಟು ಹಳೆಯದು. ಆದಕಾರಣ ಮರಡಿಹಳ್ಳಿಯು ಸಮುದ್ರತಲದ ಅಗ್ನಿಗೆ ಸಾಕ್ಷಿಯೇ ಹೊರತು ಆದಿಜೀವಕ್ಕೆ ಸಾಕ್ಷಿಯಲ್ಲ.

ಊಷ್ಮ, ಜಲ, ಜನ್ಮ ಎಂಬ ಮೂರು ಪದಗಳ ಸಾಮ್ಯವನ್ನು ಕಂಡು, ಈ ಬುಗ್ಗೆಗಳನ್ನೇ ಪೂರ್ವಿಕರು ಸ್ವೇದಜವೆಂದರೆಂದು ಹೇಳುವ ಆಸೆ ಹುಟ್ಟುವುದು ಸಹಜ. ಅದು ಯುಕ್ತವಲ್ಲ. ಸ್ವೇದಜವು ನಿತ್ಯವೂ ಕಾಣುವ ಕೀಟಗಳ ಹುಟ್ಟನ್ನು ಕುರಿತ ಮಾತು. ಅದು ರೇಡಿ, ಪಾಶ್ಚರರ ಪ್ರಯೋಗಗಳಿಂದ ಖಂಡಿತವಾಯಿತು. ಇಂದಿನ ವಿಚಾರವು ಅತಿಪ್ರಾಚೀನಕಾಲದ ಆದಿಜನ್ಮವನ್ನು ಕುರಿತದ್ದು. ಮೂರೋ ನಾಲ್ಕೋ ಎಂಬ ಸಂಶಯವನ್ನು ಮುಚ್ಚಿಡದೆ ಸೂತ್ರಕ್ಕೆ ತಂದು ವಿಚಾರಿಸಿದುದೇ ಪೂರ್ವಿಕರ ಹಿರಿಮೆ. ಅವರು ಹೇಳದುದನ್ನು ಅವರ ಬಾಯಲ್ಲಿ ಹಾಕದಿರುವುದೇ ಅವರಿಗೆ ಸಲ್ಲತಕ್ಕ ಗೌರವ.