ದನಕರುಗಳ ಚಿತ್ರಣ (ಕೃಷ್ಣಾ–ಭೀಮಾ ಸೀಮೆ)

ಸೈದಾಪುರ, ಶಹಾಪುರ, ಸುರಪುರಗಳಿರುವ ಯಾದಗಿರಿ ಜಿಲ್ಲೆಯಲ್ಲಿ ಮತ್ತು ಅದರ ದಕ್ಷಿಣಕ್ಕಿರುವ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ದನಕರುಗಳನ್ನು ಚಿತ್ರಿಸಿದ ಇತಿಹಾಸ ನವಶಿಲಾಯುಗದಿಂದ ಆರಂಭವಾಗುತ್ತದೆ. ಇದರಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಬಂಡೆಚಿತ್ರಗಳ ಕಾಲ.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳ, ಬಳ್ಳಾರಿ ಸಮೀಪದ ಕಪ್ಗಲ್ಲು ಎರಡೂ ಕಡೆ ಉದ್ದ ಕೊಂಬಿನ, ಡುಬ್ಬವುಳ್ಳ ದನಗಳದ್ದೇ ಮೇಲುಗೈ. ಕಪ್ಗಲ್ಲಿನವು ಬಣ್ಣದವಲ್ಲ, ಕಪ್ಪು ಬಂಡೆಯ ಮೈಯನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದವು. ಇಂಥ ಚಿತ್ರಕ್ಕೆ ನೇರವಾಗಿ ಕಾಲ ಹೇಳುವುದು ಕಷ್ಟ. ಆದ್ದರಿಂದ ವಿದ್ವಾಂಸರು ಸುತ್ತುದಾರಿ ಹಿಡಿದಿದ್ದಾರೆ. ಕುಟ್ಟಿದ ಗುರುತು ಬಂಡೆಯ ಬಣ್ಣಕ್ಕೆ ಎಷ್ಟು ತಿರುಗಿದೆ, ಯಾವ ಚಿತ್ರದ ಮೇಲೆ ಯಾವುದು ಬಂದಿದೆ, ಉತ್ಖನನದ ಯಾವ ಪದರದಲ್ಲಿ ಅದೇ ಬಗೆಯ ಮಣ್ಣಿನ ಹೋರಿ ಸಿಕ್ಕಿದೆ ಎಂಬುದೇ ಅವರ ಆಧಾರ. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1960ರ ಪಿಕ್ಲಿಹಾಳ ವರದಿಯಲ್ಲಿ ಹಳೆಯ ದನಚಿತ್ರಗಳನ್ನು ನವಶಿಲಾಯುಗಕ್ಕೆ ಸೇರಿಸಿದರು. ಕುದುರೆ ಸವಾರರ ಚಿತ್ರಗಳು ಕಬ್ಬಿಣಯುಗ ಅಥವಾ ಅದಕ್ಕೂ ಈಚಿನವು. ಒಂದೇ ಬಂಡೆಯಲ್ಲಿ ಇವೆಲ್ಲ ಕಲಸಿಕೊಂಡಿರುವುದರಿಂದ ಇಡೀ ಗುಂಪಿಗೆ ಒಂದೇ ಕಾಲ ಹೇಳುವ ಬರಹಗಳನ್ನು ಒಪ್ಪಲಾಗದು.

ಚಿತ್ರ ಬಿಡಿಸಿದವರ ಬದುಕು ಬೂದಿದಿಬ್ಬಗಳಿಂದ ತಿಳಿದುಬರುತ್ತದೆ. ಇವು ರಾಶಿರಾಶಿ ಸಗಣಿ ಉರಿದು ಆದವು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರೂ ವಾದ ನಿಲ್ಲಲಿಲ್ಲ. 1957ರಲ್ಲಿ ಆಲ್ಚಿನ್ ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಗೂಟಗಳ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ದೊಡ್ಡಿಗೆ ತಾಗಿದಂತೆ ವಾಸದ ನೆಲೆಯನ್ನೂ ದನ ಕಡಿಯುತ್ತಿದ್ದ ಜಾಗವನ್ನೂ ಪತ್ತೆ ಮಾಡಿದರು. ಬೂದಿದಿಬ್ಬವೆಂದರೆ ಬರೀ ದೊಡ್ಡಿ ಎಂಬ ತಿಳಿವಳಿಕೆ ಇದರಿಂದ ತಿದ್ದುಪಡಿಯಾಯಿತು. ಅದು ದನಗಾಹಿಗಳ ಊರೂ ಆಗಿತ್ತು. ಈ ವಿಷಯದ ನಿಜವಾದ ತಿರುವು ಇದೇ.

ಮುಂದಿನ ಶತಮಾನಗಳಲ್ಲಿ ಗುಡಿಗಳ ನಂದಿ ಎಲ್ಲರಿಗೂ ಪರಿಚಿತ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿ ದೇವತೆಗಳಿಗೂ ಚಿನ್ನದ ಲೇಪದ ಕುಸುರಿಗೂ ಹೆಸರಾಯಿತು. 19ನೇ ಶತಮಾನದ ನಡುಭಾಗದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸ್ವತಃ ಚಿತ್ರ ಬರೆಯಬಲ್ಲವನು. ಅವನ ದಖ್ಖನ್ ಚಿತ್ರಗಳ ಸಂಪುಟ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿತ್ತು. ಈ ಸೀಮೆಯ ಬೃಹತ್ ಶಿಲಾ ಗೋರಿಗಳನ್ನು ದಾಖಲಿಸಿದವರಲ್ಲಿ ಅವನೇ ಮೊದಲಿಗ.

ಜನರ ಕೈಯಲ್ಲಿ ಉಳಿದಿರುವ ರೂಪ ಮಣ್ಣೆತ್ತು. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಮೆರೆಸಿದ ಬಳಿಕ, ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಜೋಡೆತ್ತುಗಳನ್ನು ಪೂಜಿಸುತ್ತಾರೆ. ನವಶಿಲಾಯುಗದ ಮಣ್ಣಿನ ಹೋರಿಗಳಿಗೂ ಇವಕ್ಕೂ ನೇರ ನಂಟು ಕಲ್ಪಿಸುವುದು ಆಕರ್ಷಕವಾಗಿದ್ದರೂ, ನಡುವಿನ ಸಾವಿರಾರು ವರ್ಷಗಳನ್ನು ಜೋಡಿಸುವ ಆಧಾರವಿಲ್ಲ.

ಮತ್ತೆ ಬಂಡೆಚಿತ್ರಗಳಿಗೆ ಬಂದರೆ, ಕಪ್ಗಲ್ಲಿನ ಚಿತ್ರಗಳನ್ನು 1892ರಲ್ಲೇ ಎಫ್. ಫಾಸೆಟ್ ಪ್ರಕಟಿಸಿದ್ದರು. ಪುರಾತತ್ವಜ್ಞೆ ನಿಕೋಲ್ ಬೋಯಿವಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಬಡಿದರೆ ನಾದ ಹೊಮ್ಮಿಸುವ ಬಂಡೆಗಳೂ ಅಲ್ಲಿರುವುದನ್ನು ವಿವರಿಸಿತು. ಅಷ್ಟರಲ್ಲಾಗಲೇ ಕಲ್ಲುಗಣಿಗಾರಿಕೆ ಆ ಗುಡ್ಡವನ್ನು ಕೊರೆಯತೊಡಗಿತ್ತು.