ಗಾಲಿಗಳ ಮೇಲೊಂದು ಊರು

ಊರು ಬಿಟ್ಟು ಬಂದವರು ಮೊದಲು ಮನೆ ಹುಡುಕುತ್ತಾರೆ. ಮನೆ ಸಿಕ್ಕಿ ನಾಲ್ಕು ಜನರ ಪರಿಚಯವಾದ ಮೇಲೆ ಸಂಘ ಕಟ್ಟುತ್ತಾರೆ. ಹೊರನಾಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಹೊರಟವರೂ ಸಂಘ ಕಟ್ಟಿದರೆಂದರೆ ಆ ಕತೆ ನಮಗೆ ಕುತೂಹಲಕರವಲ್ಲವೇ? ಅಮೆರಿಕದಲ್ಲಿ ನೂರು ವರ್ಷಗಳಿಗೂ ಹಿಂದೆ ಆರಂಭವಾದ ಮೋಟಾರು ಮನೆಗಳ ಕೂಟದ ಚರಿತ್ರೆ ಅಂಥದು. ಅವರು ಅದನ್ನು 'ರ‍್ಯಾಲಿ' ಎನ್ನುತ್ತಾರೆ. ನಮ್ಮಲ್ಲಿ ಆ ಮಾತಿಗೆ ಘೋಷಣೆ, ಮೆರವಣಿಗೆಗಳ ನೆನಪು ಬರುತ್ತದೆ. ಅವರದು ಹಾಗಲ್ಲ. ಕಮಾನು ಬಂಡಿ ಕಟ್ಟಿಕೊಂಡು ಹೋಗಿ, ಬಂಡಿಯ ಪಕ್ಕದಲ್ಲೇ ಒಲೆ ಹೂಡಿ, ಮೂರು ದಿನ ಕಳೆದು ಬರುತ್ತಿದ್ದ ನಮ್ಮ ಜಾತ್ರೆಗೇ ಅದು ಹತ್ತಿರ.

ಮೋಟಾರು ಮನೆಯೆಂದರೆ ಮಂಚ, ಒಲೆ, ನೀರಿನ ತೊಟ್ಟಿ, ಶೌಚದ ವ್ಯವಸ್ಥೆ ಎಲ್ಲವೂ ಒಳಗೇ ಇರುವ ವಾಹನ. ಎಂಜಿನ್ ಸಹಿತವಾಗಿ ತಾನೇ ಓಡುವುದು ಒಂದು ಬಗೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್ ಇನ್ನೊಂದು ಬಗೆ. 1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇಟ್ಟ 'ಟೂರಿಂಗ್ ಲ್ಯಾಂಡೋ' ಎಂಬ ಕಾರಿನಲ್ಲಿ ಹಾಸಿಗೆಯಾಗುವ ಆಸನವೂ ಮಡಚುವ ಕೈತೊಳೆಯುವ ಬೋಗುಣಿಯೂ ಇದ್ದವು. ಅದು ಸಿರಿವಂತರ ಸೊತ್ತು. ಸಾಮಾನ್ಯರನ್ನು ರಸ್ತೆಗಿಳಿಸಿದ್ದು 1908ರಲ್ಲಿ ಬಂದು ವರ್ಷ ವರ್ಷಕ್ಕೂ ಅಗ್ಗವಾಗುತ್ತ ಹೋದ ಫೋರ್ಡ್ ಕಂಪನಿಯ 'ಟಿ' ಮಾದರಿಯ ಕಾರು.

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಫ್ಲಾರಿಡಾದ ಟ್ಯಾಂಪಾ ನಗರದ ಡಿ ಸೋಟೋ ಉದ್ಯಾನದಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗಳು ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್', ಎಂದರೆ 'ತಗಡಿನ ಡಬ್ಬಿಯ ಪ್ರವಾಸಿಗಳು' ಎಂಬ ಸಂಘ ಕಟ್ಟಿದರು. ಉತ್ತರದ ರಾಜ್ಯಗಳ ಚಳಿಗೆ ಹೆದರಿ ದಕ್ಷಿಣಕ್ಕೆ ಬಂದ ರೈತರು, ಸಣ್ಣ ವ್ಯಾಪಾರಿಗಳು, ನಿವೃತ್ತರು ಅವರಲ್ಲಿದ್ದರು. ಡಬ್ಬಿಯಲ್ಲಿ ತಂದ ಆಹಾರವನ್ನೇ ಉಣ್ಣುತ್ತಾರೆಂದು ಬಂದ ಅಡ್ಡಹೆಸರನ್ನು ಅವರು ಹೆಮ್ಮೆಯಿಂದ ಧರಿಸಿದರು. ಕಾರಿನ ರೇಡಿಯೇಟರಿನ ಮುಚ್ಚಳಕ್ಕೆ ಒಂದು ಖಾಲಿ ಡಬ್ಬಿಯನ್ನು ಬೆಸೆದುಕೊಳ್ಳುವುದೇ ಸದಸ್ಯತ್ವದ ಗುರುತು. ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನ ಮೇಲೆ ಆ ಡಬ್ಬಿ ಕಂಡರೆ ಇನ್ನೊಬ್ಬ ಸದಸ್ಯ ನಿಲ್ಲಲೇಬೇಕು, ನೆರವಾಗಲೇಬೇಕು. ಬಿಡಾರವನ್ನು ಚೊಕ್ಕಟವಾಗಿ ಬಿಟ್ಟು ಹೋಗಬೇಕು. ಚಳಿಗಾಲದಲ್ಲಿ ಫ್ಲಾರಿಡಾದಲ್ಲಿ, ಬೇಸಗೆಯಲ್ಲಿ ಮಿಶಿಗನ್ನಿನಲ್ಲಿ ಅವರ ಸಮಾವೇಶ ಸೇರುತ್ತಿತ್ತು.

ಸ್ಥಳೀಯರಿಗೆ ಇವರೆಂದರೆ ಅರ್ಧ ಆದರ, ಅರ್ಧ ತಾತ್ಸಾರ. "ಒಂದು ಅಂಗಿ, ಇಪ್ಪತ್ತು ಡಾಲರಿನ ಒಂದು ನೋಟು ತರುತ್ತಾರೆ, ಎರಡನ್ನೂ ಬದಲಾಯಿಸದೆ ಹೋಗುತ್ತಾರೆ" ಎಂಬ ಕುಚೋದ್ಯ ಹುಟ್ಟಿಕೊಂಡಿತು. ಮುಂದೆ ಅವರ ಸಮಾವೇಶ ಟ್ಯಾಂಪಾವನ್ನು ಬಿಟ್ಟು ಆರ್ಕೇಡಿಯಾ, ಸಾರಸೋಟಾ ಮುಂತಾದ ಊರುಗಳಿಗೆ ಹೋಯಿತು. ಹೊರಗಿನಿಂದ ಬಂದವರ ಹಣ ಬೇಕು, ಜನ ಬೇಡ ಎಂಬ ಮನೋಭಾವ ಯಾವ ದೇಶಕ್ಕೂ ಹೊಸದಲ್ಲ.

ಟ್ರೇಲರ್ ಉಳ್ಳವರಿಗೆ ದೊಡ್ಡ ಹುಮ್ಮಸ್ಸು ಕೊಟ್ಟವನು 'ಏರ್‌ಸ್ಟ್ರೀಮ್' ಕಂಪನಿಯ ವಾಲಿ ಬೈಯಮ್. 1955ರಲ್ಲಿ ಕೆನಡಾದ ಕೆಂಟ್‌ವಿಲ್ ಎಂಬಲ್ಲಿ ಅವನ ಹೆಸರಿನ ಸಂಘ ಹುಟ್ಟಿತು. 1959ರಲ್ಲಿ ಅವನ ನೇತೃತ್ವದಲ್ಲಿ 41 ಟ್ರೇಲರುಗಳು ಆಫ್ರಿಕದ ದಕ್ಷಿಣ ತುದಿಯ ಕೇಪ್‌ಟೌನಿನಿಂದ ಕೈರೋಗೆ ಹೊರಟವು.

ತಾನೇ ಓಡುವ ಮೋಟಾರು ಮನೆಯವರ ಸಂಘಕ್ಕೆ ಕಾರಣವಾದದ್ದು ಒಂದು ಸೂರ್ಯಗ್ರಹಣ! 1963ರ ಜುಲೈ 20ರಂದು ಖಗ್ರಾಸ ಗ್ರಹಣ ನೋಡಲು 26 ಕುಟುಂಬಗಳು ಮೇಯ್ನ್ ರಾಜ್ಯದ ಹಿಂಕ್ಲಿ ಎಂಬ ಊರಿನ ಶಾಲೆಯ ಆವರಣದಲ್ಲಿ ತಮ್ಮ ವಾಹನಗಳೊಡನೆ ಸೇರಿದವು. ಆಗ ಇಂಥ ವಾಹನಗಳಲ್ಲಿ ಅನೇಕವು ಹಳೆಯ ಬಸ್ಸುಗಳನ್ನು ಕೈಯಾರೆ ಮಾರ್ಪಡಿಸಿದಂಥವು. ಗ್ರಹಣ ನಿಮಿಷದಲ್ಲಿ ಬಿಟ್ಟಿತು; ಅಲ್ಲಿ ಕೂಡಿದ ಸ್ನೇಹ ಮಾತ್ರ 'ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್' ಆಗಿ ನಿಂತಿತು. ಪ್ರತಿ ಕುಟುಂಬದ ವಾಹನಕ್ಕೂ ಸದಸ್ಯ ಸಂಖ್ಯೆ ಬರೆದ ಮೊಟ್ಟೆಯಾಕಾರದ ಫಲಕ ಬಂತು. 1966ರಲ್ಲಿ ಅಯೋವಾದ ವಿನ್ನಬೇಗೊ ಕಾರ್ಖಾನೆ ಮೋಟಾರು ಮನೆಗಳನ್ನು ಸಾಲು ಸಾಲಾಗಿ ತಯಾರಿಸತೊಡಗಿದ ಮೇಲೆ ಇಂಥ ಕೂಟಗಳು ಹಿಗ್ಗಿದವು.

ಕೂಟದ ದಿನಚರಿ ಸರಳವಾದುದು. ಜಿಲ್ಲೆಯ ಜಾತ್ರೆಯ ಬಯಲಿನಂಥ ಮೈದಾನಕ್ಕೆ ವಾಹನಗಳು ಬಂದಂತೆ ಸ್ವಯಂಸೇವಕರು ಕೈಸನ್ನೆಯಿಂದ ಸಾಲಿನಲ್ಲಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಕಾಫಿ, ಅನಂತರ ಟೈರು, ಬ್ರೇಕು, ಅಡುಗೆ ಅನಿಲ, ವಿದ್ಯುತ್ತುಗಳ ಪಾಠ. ಗಂಡ ಕಾಯಿಲೆ ಬಿದ್ದರೆ ದೊಡ್ಡ ವಾಹನವನ್ನು ಊರಿಗೆ ಮುಟ್ಟಿಸುವವರು ಯಾರು? ಆದ್ದರಿಂದ ಹೆಂಗಸರಿಗೂ ಚಾಲನೆಯ ತರಬೇತಿ ಉಂಟು. ಸಂಜೆ ಪ್ರತಿ ಮನೆಯವರೂ ಒಂದೊಂದು ಭಕ್ಷ್ಯ ತಂದು ಹಂಚಿಕೊಂಡು ಉಣ್ಣುತ್ತಾರೆ. ಮೂರನೆಯ ದಿನ ಬಯಲು ಮತ್ತೆ ಬಯಲು.

ಆದರೆ ಈ ಊರಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಡಬ್ಬಿಯ ಪ್ರವಾಸಿಗಳು ನಲಿದಾಡುತ್ತಿದ್ದ ದಕ್ಷಿಣದಲ್ಲಿ ಕರಿಯ ಜನಾಂಗದ ಕುಟುಂಬ ರಾತ್ರಿ ತಂಗಲು ಜಾಗ ಸಿಗುವುದೇ ದುಸ್ತರವಾಗಿತ್ತು. ಅವರು ಯಾವ ಊರಿನಲ್ಲಿ ನಿರ್ಭಯವಾಗಿ ಇಳಿದುಕೊಳ್ಳಬಹುದೆಂದು ತಿಳಿಸಲು ಹಾರ್ಲೆಮ್ಮಿನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಲ್ಲಿ ಕೈಪಿಡಿಯೊಂದನ್ನು ಹೊರಡಿಸಬೇಕಾಯಿತು. ರಸ್ತೆ ಎಲ್ಲರದು ಎಂಬ ಮಾತಿಗೆ ಕಾನೂನಿನ ಬಲ ಬಂದದ್ದು 1964ರ ನಾಗರಿಕ ಹಕ್ಕುಗಳ ಶಾಸನದಿಂದ. ಬಣ್ಣದ ಭೇದದ ಮುಂದೆ ತೀರ ಸಣ್ಣದಾದರೂ ಇನ್ನೊಂದು ಭೇದವೂ ಇತ್ತು: ಗ್ರಹಣದಂದು ಹುಟ್ಟಿದ ಸಂಘ ಎಳೆದೊಯ್ಯುವ ಟ್ರೇಲರಿನವರನ್ನು ಬಹುಕಾಲ ಹೊರಗಿಟ್ಟು, 2017ರಲ್ಲಿ ಸದಸ್ಯರ ಮತದಿಂದ ಒಳಕ್ಕೆ ಕರೆದುಕೊಂಡಿತು.

ವರ್ಷವಿಡೀ ಗಾಲಿಯ ಮೇಲೇ ಬಾಳುವವರ ಕಷ್ಟ ಬೇರೆ. ಕಾಗದ ಬರಲು ವಿಳಾಸವಿಲ್ಲ, ಮುಪ್ಪಿನಲ್ಲಿ ನೋಡಿಕೊಳ್ಳಲು ನೆರೆಯಿಲ್ಲ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು ಹುಟ್ಟುಹಾಕಿದ 'ಎಸ್ಕೇಪೀಸ್' ಸಂಘ ಇದಕ್ಕೆ ದಾರಿ ಹುಡುಕಿತು. ಟೆಕ್ಸಸಿನ ಲಿವಿಂಗ್‌ಸ್ಟನ್ನಿನಲ್ಲಿ ಅದು ಸದಸ್ಯರಿಗೆ ವಿಳಾಸ ಕೊಟ್ಟು, ಅವರು ಇದ್ದಲ್ಲಿಗೆ ಅಂಚೆ ಕಳಿಸುತ್ತದೆ. ಅಲ್ಲೇ ವೃದ್ಧರು, ರೋಗಿಗಳು ತಮ್ಮ ವಾಹನದಲ್ಲೇ ವಾಸವಾಗಿದ್ದು ಊಟ, ಆರೈಕೆ ಪಡೆಯುವ ಕೇಂದ್ರವೂ ಏರ್ಪಟ್ಟಿತು. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ವ್ಯಾನಿನಲ್ಲಿ ಬದುಕಿದವರ ಪಾಡನ್ನು ಜೆಸ್ಸಿಕಾ ಬ್ರೂಡರ್ 2017ರ 'ನೋಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಬರೆದಿದ್ದಾರೆ. ಎಲ್ಲರೂ ವಿನೋದಕ್ಕೇ ಗಾಲಿ ಏರಿದವರಲ್ಲ.

ಡಬ್ಬಿಯ ಪ್ರವಾಸಿಗಳ ಸಂಘ ಯುದ್ಧಾನಂತರ ಸೊರಗಿ ನಿಂತೇಹೋಗಿದ್ದು, 1998ರಲ್ಲಿ ಹಳೆಯ ವಾಹನಗಳ ಅಭಿಮಾನಿಗಳಿಂದ ಮರುಜನ್ಮ ಪಡೆಯಿತು. ನಾಡಹಬ್ಬ, ವಾರ್ಷಿಕೋತ್ಸವಗಳನ್ನು ನಾವೂ ಚೆನ್ನಾಗಿಯೇ ನಡೆಸುತ್ತೇವೆ. ಆದರೆ ಈ ಊರಿಗೆ ನಿನ್ನೆ ಬಂದಿಳಿದ ಕುಟುಂಬಕ್ಕೆ ನಮ್ಮ ಸಂಘದ ವಿಳಾಸ ಗೊತ್ತೇ? ಮೂವತ್ತು ವರ್ಷ ಚಂದಾ ಕೊಟ್ಟು ಈಗ ಮೆಟ್ಟಿಲಿಳಿಯಲಾರದ ಹಿರಿಯರ ಮನೆಗೆ ನಮ್ಮಲ್ಲಿ ಯಾರಾದರೂ ಹೋಗಿ ಬರುತ್ತಾರೆಯೇ? ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಎರಡು ವಿಷಯಗಳನ್ನು ಎತ್ತಿಕೊಂಡರೆ ಒಳ್ಳೆಯದು.